ನಾಡವರ ಗುಣ: ಕವಿರಾಜಮಾರ್ಗದಿಂದ ಕರ್ನಾಟಕತ್ವದವರೆಗೆ

ಕನ್ನಡ ನಾಡಿನ ಜನರ ಸ್ವಭಾವವನ್ನು ಬಿಡಿಸಿ ಹೇಳುವ ಹಳೆಯ ಗ್ರಂಥ ‘ಕವಿರಾಜಮಾರ್ಗ’. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ಈ ಕೃತಿ ಕಾವೇರಿಯಿಂದ ಗೋದಾವರಿಯವರೆಗೆ ನಾಡಿನ ಎಲ್ಲೆ ಹಾಕುತ್ತದೆ. ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ. ಇಲ್ಲಿಯವರ ಶೌರ್ಯ, ಅಭಿಮಾನ, ಗಾಂಭೀರ್ಯ, ವಿವೇಕಗಳನ್ನು ಕವಿ ಸಾಲಾಗಿ ಹೇಳುತ್ತಾನೆ. ಓದದೆಯೂ ಕಾವ್ಯ ಬಲ್ಲವರೆಂದು ಮೆಚ್ಚುತ್ತಾನೆ. ಕಳೆದ ನೂರು ವರ್ಷಗಳಲ್ಲಿ ಕನ್ನಡಾಭಿಮಾನದ ಭಾಷಣಗಳು ಹೆಚ್ಚಾಗಿ ನೆಚ್ಚಿರುವುದು ಈ ಭಾಗವನ್ನೇ.

ಆದರೆ ಇದು ಆಸ್ಥಾನದ ಹೊಗಳಿಕೆ. ಸುಭಟರು, ಒಡೆಯರು, ಕುಲೀನರು ಇರುವ ಈ ಸಾಲಿನಲ್ಲಿ ಒಕ್ಕಲಿಗನಿಗಾಗಲಿ ಕಸುಬುದಾರನಿಗಾಗಲಿ ಹೆಸರು ಹಿಡಿದು ಜಾಗ ಕೊಟ್ಟಿಲ್ಲ. ಗುಣಗಳು ಮಣ್ಣಿನಿಂದಲೇ ಬಂದವೆಂಬ ಧ್ವನಿಯೂ ಇದೆ. ಅದೇ ಗ್ರಂಥದ ಇನ್ನೊಂದು ಮಾತಿಗೆ ಇದಕ್ಕಿಂತ ತೂಕ ಹೆಚ್ಚು: ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲವನಿಗೆ ಆ ಸೈರಣೆಯೇ ಚಿನ್ನ. ಸೈರಿಸಲು ಆದರೆ ಎಂಬ ಷರತ್ತು ಇಲ್ಲಿರುವುದರಿಂದ ಇದು ಹುಟ್ಟಿನ ಗುಣವಲ್ಲ, ಗಳಿಸಬೇಕಾದದ್ದು. ಜೈನ, ಶೈವ, ವೈದಿಕರು ಒಟ್ಟಿಗಿದ್ದ ಕಾಲದ ಅನುಭವ ಅದರ ಹಿಂದಿದೆ. ಜೈನಧರ್ಮದತ್ತ ಒಲಿದಿದ್ದ ಅಮೋಘವರ್ಷನೇ ಪ್ರಜೆಗಳ ಕಷ್ಟ ನೀಗಲೆಂದು ಮಹಾಲಕ್ಷ್ಮಿಗೆ ತನ್ನ ಬೆರಳನ್ನು ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಅದೂ ಪ್ರಶಸ್ತಿಯ ಮಾತೇ. ಆದರೂ ದೊರೆಯ ಹಿರಿಮೆಯನ್ನು ಎಲ್ಲಿ ಕಾಣಬೇಕೆಂದು ಆ ಕಾಲ ಬಯಸಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಕೊಪ್ಪಳದ ಬಂಡೆಗಳ ಮೇಲೆ ಇದಕ್ಕೂ ಸಾವಿರ ವರ್ಷಕ್ಕಿಂತ ಹಿಂದಿನ ಉತ್ತರವೊಂದಿದೆ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನಗಳು ಬ್ರಾಹ್ಮೀ ಲಿಪಿಯ ಪ್ರಾಕೃತದಲ್ಲಿವೆ. ಉಪಾಸಕನಾದ ಮೇಲೂ ಕೆಲವು ಕಾಲ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದು ಚಕ್ರವರ್ತಿ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಬರುವುದು ಶಾಸನದ ತಿರುಳು: ದೊಡ್ಡ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸ್ವರ್ಗ ದಕ್ಕುತ್ತದೆ. ಗಡಿಯಾಚೆಯವರಿಗೂ ಇದು ತಿಳಿಯಲಿ ಎನ್ನುತ್ತಾನೆ. ಹಿರಿಮೆಗೆ ಕುಲವನ್ನೂ ನಾಡನ್ನೂ ಕೇಳದ ಈ ಮಾತು ಶ್ರೀವಿಜಯನ ಗುಣಗಳ ಸಾಲಿಗೆ ಎದುರಾಗಿ ನಿಲ್ಲುತ್ತದೆ.

ನಂತರದ ಕೊಪಣ ನಡೆದದ್ದು ಹೆಚ್ಚಾಗಿ ಈ ಎರಡನೆಯ ದಾರಿಯಲ್ಲಿ. ಅದು ಜೈನರ ಮಹಾತೀರ್ಥವಾಯಿತು. 881ರ ಕನ್ನಡ ಶಾಸನವೊಂದು ಸರ್ವನಂದಿ ಭಟಾರರನ್ನು ನೆನೆಯುವ ರೀತಿ ಗಮನಾರ್ಹ: ಇಲ್ಲಿ ನೆಲೆಸಿ, ತೀರ್ಥಕ್ಕೆ ಉಪಕಾರಿಯಾಗಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನ ವ್ರತದಿಂದ ಮುಡಿಪಿದರು, ಅಂದರೆ ದೇಹ ಬಿಟ್ಟರು. ವಂಶದ ಹೊಗಳಿಕೆಯಿಲ್ಲ, ಗೆದ್ದ ಯುದ್ಧವಿಲ್ಲ. 993ರ ‘ಅಜಿತಪುರಾಣ’ದಲ್ಲಿ ರನ್ನ ಅತ್ತಿಮಬ್ಬೆಯ ಚರಿತ್ರೆಯ ನಿರ್ಮಲತೆಗೆ ಗಂಗಾಜಲದ ಜೊತೆ ಕೊಪಣದ ಬೆಟ್ಟವನ್ನೂ ಹೋಲಿಕೆಯಾಗಿ ತರುತ್ತಾನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಖ್ಯಾತಳಾದ ಆಕೆಯ ಹಿರಿಮೆ ದಾನದಿಂದ ಬಂದದ್ದು. ಸುಭಟರ ಸಾಲು ಹೇಳದೆ ಬಿಟ್ಟ ಹೆಣ್ಣಿನ ಜಾಗ ಹೀಗೆ ಭರ್ತಿಯಾಯಿತು. ಹಳೆಯ ಯಲಬುರ್ಗಾ ತಾಲೂಕಿನ ಇಟಗಿಯಲ್ಲಿ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ ದೇವಾಲಯ ಚಕ್ರವರ್ತಿ ಎನ್ನುತ್ತದೆ. ಇಲ್ಲಿ ಮತ್ತೆ ಒಡೆಯರ ಸಾಲಿನ ಹಿರಿಮೆ ಕಾಣುತ್ತದೆ.

ಆಧುನಿಕ ಕಾಲದಲ್ಲಿ ಈ ಚಿಂತನೆಗೆ ಒಂದು ಪಂಥದ ರೂಪ ಕೊಟ್ಟವರು ಆಲೂರು ವೆಂಕಟರಾಯರು. 1917ರ ‘ಕರ್ನಾಟಕ ಗತವೈಭವ’ ಮತ್ತು ಅವರ ಕರ್ನಾಟಕತ್ವದ ಕಲ್ಪನೆ, ಚೂರಾಗಿದ್ದ ಜನಕ್ಕೆ ತಮ್ಮ ಬಗ್ಗೆ ನಂಬಿಕೆ ಕೊಟ್ಟವು. ಗಂಗಾವತಿ ಸೀಮೆಯ ಆನೆಗೊಂದಿ, ಹೊಳೆಯಾಚೆಯ ಹಂಪಿ ಆ ಅಭಿಮಾನದ ಯಾತ್ರಾಸ್ಥಳಗಳಾದವು. ಆಗ ಕೊಪ್ಪಳ ನಿಜಾಮನ ರಾಜ್ಯದಲ್ಲಿ, ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ತಿರುಳುಗನ್ನಡದ ನೆಲದಲ್ಲಿ ಸರಕಾರದ ಭಾಷೆ ಉರ್ದು. ಇಂಥ ಹೊತ್ತಿನಲ್ಲಿ ಗತವೈಭವದ ನೆನಪು ಬೇಕಿತ್ತು. ಆದರೆ ಪಂಥದ ದೌರ್ಬಲ್ಯವೂ ಅಲ್ಲೇ ಇತ್ತು. ಅದು ನಾಡಿನ ಗುಣವನ್ನು ಅರಸರ, ಸೇನಾನಿಗಳ ಚರಿತ್ರೆಯಲ್ಲಿ ಹುಡುಕಿತು. ಸರ್ವನಂದಿಯಂಥವರು ಅಂಚಿನಲ್ಲೇ ಉಳಿದರು. ಜನಾಂಗಕ್ಕೊಂದು ಆತ್ಮವಿದೆಯೆಂಬ ಯುರೋಪಿನ 19ನೆಯ ಶತಮಾನದ ಕಲ್ಪನೆಯ ನೆರಳೂ ಅದರ ಮೇಲಿದೆ.

ಹೈದರಾಬಾದ್ ವಿಮೋಚನೆಯ ಹೋರಾಟ ನಾಡವರ ಗುಣದ ಈ ವಾದವನ್ನು ಗ್ರಂಥದಿಂದ ಬೀದಿಗೆ ತಂದಿತು. ನಿಜಾಮನ ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ನಡೆಸಿದವರು ಕೊಪ್ಪಳ ಸೀಮೆಯ ಅಳವಂಡಿ ಶಿವಮೂರ್ತಿಸ್ವಾಮಿಗಳು. ಗಡಿಯಾಚೆಗೆ ಓಡಿಬಂದ ರೈತರು, ವಿದ್ಯಾರ್ಥಿಗಳು, ಹಳ್ಳಿಗರು ಇಂಥ ಶಿಬಿರಗಳನ್ನು ತುಂಬಿದರು. ಕವಿರಾಜಮಾರ್ಗದ ಸಾಲಿನಲ್ಲಿ ಹೆಸರಿಲ್ಲದವರು ಇವರೇ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡಿತು. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಜನ ಕಾಂಗ್ರೆಸ್ಸನ್ನು ಬದಿಗಿಟ್ಟು, ಪಕ್ಷೇತರರಾಗಿ ನಿಂತ ಅದೇ ಸ್ವಾಮಿಗಳನ್ನು ಆರಿಸಿ ಕಳಿಸಿದರು.