ಕೆಲಸಗಳ್ಳರಲ್ಲ, ಕೆಲಸ ಕದಿಯುವವರು

ಹತ್ತಾರು ಪ್ರೊಸೆಸರ್‌ಗಳಿಗೆ ಕೆಲಸ ಹಂಚಲು ಮೇಲೊಬ್ಬ ಮೇಸ್ತ್ರಿ ಬೇಕು ಎಂದೇ ಯಾರಿಗಾದರೂ ಅನಿಸುತ್ತದೆ. 1990ರ ದಶಕದಲ್ಲಿ ಎಂಐಟಿಯಲ್ಲಿ ರೂಪುಗೊಂಡ ಸಿಲ್ಕ್ ಭಾಷೆ ಆ ಮೇಸ್ತ್ರಿಯನ್ನೇ ಕೈಬಿಟ್ಟಿತು. ಪ್ರತಿ ಪ್ರೊಸೆಸರ್‌ಗೂ ತನ್ನದೇ ಕೆಲಸದ ಸಾಲು. ಹೊಸ ಕೆಲಸ ಹುಟ್ಟಿದರೆ ಸಾಲಿನ ಈಚೆ ತುದಿಗೆ ಸೇರಿಸುತ್ತದೆ, ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಕೈ ಖಾಲಿಯಾಯಿತೋ, ಕಣ್ಣುಮುಚ್ಚಿ ಇನ್ನೊಂದು ಪ್ರೊಸೆಸರನ್ನು ಆರಿಸಿ, ಅದರ ಸಾಲಿನ ಆಚೆ ತುದಿಯಿಂದ ಕದಿಯುತ್ತದೆ.

ನನಗೆ ಬಲು ಹಿಡಿಸಿದ್ದು ಈ ಆಚೆ ತುದಿ. ದೊಡ್ಡ ಪಟ್ಟಿಯೊಂದನ್ನು ಅರ್ಧರ್ಧ ಸೀಳುತ್ತ ವಿಂಗಡಿಸುವಂಥ ಲೆಕ್ಕಗಳಲ್ಲಿ ಅಲ್ಲಿರುವುದು ಎಲ್ಲಕ್ಕಿಂತ ಹಳೆಯ, ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ತುಂಡು. ಒಮ್ಮೆ ಕದ್ದರೆ ಬಹಳ ಹೊತ್ತಿಗೆ ಸಾಕು. ಒಡೆಯ ಈಚೆ, ಕಳ್ಳ ಆಚೆ. ಕೊನೆಯ ತುಂಡೊಂದೇ ಉಳಿದಾಗಷ್ಟೇ ಜಟಾಪಟಿ. ಹಂಚಿಕೆಯ ಖರ್ಚು ಬಹುಪಾಲು ಬಿಡುವಾಗಿರುವವರ ತಲೆಗೆ, ದುಡಿಯುವವರ ತಲೆಗಲ್ಲ. (ನಮ್ಮ ಕಚೇರಿಗಳಲ್ಲಿ ಇದು ತಲೆಕೆಳಗು!) ತುಂಡುಗಳು ತೀರಾ ಚೂರಾದರೆ ಮಾತ್ರ ಕದ್ದ ಮಾಲಿಗಿಂತ ಕದಿಯುವ ಶ್ರಮವೇ ಹೆಚ್ಚು.

ಹೀಗೆ ಕುರುಡಾಗಿ ಆರಿಸಿದರೂ ಸಮಯ ಹೆಚ್ಚು ಪೋಲಾಗದೆಂದು ಸಂಶೋಧಕರಾದ ಬ್ಲೂಮೋಫ್ ಮತ್ತು ಲೈಸರ್ಸನ್ ಗಣಿತದಿಂದಲೇ ತೋರಿಸಿಕೊಟ್ಟರು. 2011ರಲ್ಲಿ ಜಾವಾ 7ಕ್ಕೂ ಈ ಕದಿಯುವ ವಿಧಾನ ಬಂತು. ಗೋ ಭಾಷೆಯ ಕಳ್ಳ ಇನ್ನೂ ಆಸೆಬುರುಕ: ಸಾಲಿನ ಅರ್ಧವನ್ನೇ ಹೊತ್ತೊಯ್ಯುತ್ತಾನೆ.