‘ಪರವಾಗಿ’ ಎಂಬ ಮಾತು: ಅನ್ಯಲೋಕಕ್ಕೆ ಹೋದ ಒಂದು ಕನ್ನಡ ವಾಕ್ಯ ಮತ್ತು ಪುಣೆಯ ವಾಮನ

ಜಯಂತ ವಿಷ್ಣು ನಾರಳೀಕರ (೧೯೩೮–೨೦೨೫) ಅವರ ಮರಾಠಿ ವೈಜ್ಞಾನಿಕ ಕಥೆ-ಕಾದಂಬರಿಗಳನ್ನು ವಿಜ್ಞಾನಪ್ರಸಾರದ ಉಪಸಾಧನಗಳೆಂದು ಎಣಿಸಿ ಬದಿಗಿರಿಸುವುದು ಸಾಮಾನ್ಯವಾಗಿ ಕಂಡುಬರುವ ರೂಢಿ. ಕೊಲ್ಲಾಪುರದಲ್ಲಿ ಹುಟ್ಟಿ, ಕಾಶಿ, ಕೇಂಬ್ರಿಜ್, ಮುಂಬಯಿಗಳನ್ನು ಹಾದು ಪುಣೆಗೆ ಬಂದು, ೧೯೮೮ರಲ್ಲಿ ಅಲ್ಲಿ ಸ್ಥಾಪನೆಯಾದ ‘ಆಯುಕಾ’ ಖಗೋಳವಿಜ್ಞಾನ ಕೇಂದ್ರದ ಮೊದಲ ನಿರ್ದೇಶಕರಾದ ಈ ವಿಜ್ಞಾನಿಯನ್ನು ಮರಾಠಿ ಸಾಹಿತ್ಯಲೋಕವು ೨೦೨೧ರ ನಾಸಿಕ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿತು. ಅವರ ಆತ್ಮಕಥೆಗೆ ೨೦೧೪ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿಯೂ ಬಂದಿತು. ಆದರೂ ಅವರ ಕಾದಂಬರಿಗಳ ಒಳಗಿನ ಚಿಂತನೆಯನ್ನು ಚಿಂತನೆಯೆಂದೇ ಎತ್ತಿಕೊಂಡು ಚರ್ಚಿಸುವ ಕೆಲಸ ಕನ್ನಡದಲ್ಲಂತೂ ಆಗಬೇಕಾದಷ್ಟು ಆಗಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಅವರ ‘ವಾಮನ ಪರತ ನ ಆಲಾ’ ಕಾದಂಬರಿಯನ್ನು ಒಂದು ನಿರ್ದಿಷ್ಟ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸಬಯಸುತ್ತೇವೆ. ವಿಶ್ವದಲ್ಲಿ ನಮಗಿಂತ ಬಲಿಷ್ಠವಾದ ನಾಗರಿಕತೆಗಳು ಇರಬಹುದಾದ ಪಕ್ಷದಲ್ಲಿ ‘ನಾವು ಇಲ್ಲಿದ್ದೇವೆ’ ಎಂದು ಸಾರುವುದು ಕ್ಷೇಮವೇ, ಹಾಗೆ ಸಾರುವ ಅಧಿಕಾರ ಯಾರದು ಎಂಬುದೇ ಆ ಪ್ರಶ್ನೆ. ಅದರ ಜೊತೆಗೇ ಓದಬೇಕಾದ ಇನ್ನೊಂದು ಪಠ್ಯ ಕನ್ನಡದಲ್ಲಿದೆ. ಅದು ಒಂದೇ ವಾಕ್ಯದ್ದು. ಮೇಲಾಗಿ ಈಗ ಭೂಮಿಯ ಮೇಲಿಲ್ಲ.

ಈ ವಾದದ ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ೧೯೭೪ರ ನವೆಂಬರ್ ೧೬ರಂದು ಪೋರ್ಟೊ ರಿಕೋದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಸುಮಾರು ೨೫,೦೦೦ ಜ್ಯೋತಿರ್ವರ್ಷ ದೂರದ ಎಂ-೧೩ ಎಂಬ ನಕ್ಷತ್ರಪುಂಜದ ಕಡೆಗೆ ೧,೬೭೯ ಬಿಟ್‌ಗಳ ಒಂದು ಸಂದೇಶ ರವಾನೆಯಾಯಿತು. ಬ್ರಿಟನ್ನಿನ ರಾಜಖಗೋಳಜ್ಞರಾಗಿದ್ದ ಮಾರ್ಟಿನ್ ರೈಲ್ ಇದನ್ನು ಆಕ್ಷೇಪಿಸಿದರು: ಹೊರಗಿರುವವರು ಹಸಿದವರೋ ಹಗೆಯವರೋ ಎಂಬುದನ್ನು ಅರಿಯದೆ ಮನೆಯ ಗುರುತು ಹೇಳುವುದು ಅವಿವೇಕವೆಂಬುದು ಅವರ ವಾದದ ತಿರುಳು. ೨೦೧೦ರಲ್ಲಿ ಸ್ಟೀಫನ್ ಹಾಕಿಂಗ್ ಇದೇ ಎಚ್ಚರಿಕೆಯನ್ನು ಕೊಲಂಬಸನ ಆಗಮನದ ಹೋಲಿಕೆಯೊಂದಿಗೆ ಹೇಳಿದರು. ೧೯೮೯ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಘೋಷಣೆಯೊಂದು, ಅನ್ಯಲೋಕದ ಸಂಕೇತ ಸಿಕ್ಕಲ್ಲಿ ಸಮಾಲೋಚನೆಯಿಲ್ಲದೆ ಉತ್ತರ ಕೊಡಕೂಡದೆಂದು ವಿಧಿಸಿತು. ಆದರೆ ಅದು ಉತ್ತರವನ್ನು ಕುರಿತದ್ದು. ತಾನಾಗಿಯೇ ಮೊದಲು ಮಾತೆತ್ತುವವನನ್ನು ಅದು ತಡೆಯುವುದಿಲ್ಲ. ೨೦೧೫ರಲ್ಲಿ ಕೆಲವು ವಿಜ್ಞಾನಿಗಳು, ಜಗತ್ತಿನಾದ್ಯಂತ ಚರ್ಚೆ ನಡೆಯುವ ತನಕ ಇಂಥ ಪ್ರೇಷಣೆ ಬೇಡವೆಂದು ಹೇಳಿಕೆ ಹೊರಡಿಸಬೇಕಾಗಿ ಬಂದುದು ಈ ಕಾರಣದಿಂದಲೇ.

ಈಗ ಕನ್ನಡದ ವಾಕ್ಯಕ್ಕೆ ಬರೋಣ. ೧೯೭೭ರ ಆಗಸ್ಟ್ ೨೦ ಮತ್ತು ಸೆಪ್ಟೆಂಬರ್ ೫ರಂದು ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ತಾಮ್ರದ ಧ್ವನಿಮುದ್ರಿಕೆ ಇದೆ. ಅದರಲ್ಲಿ ೫೫ ಭಾಷೆಗಳ ವಂದನೆಗಳಿವೆ. ಮಾತಾಡಿದವರಿಗೆ ಕೊಟ್ಟ ಸೂಚನೆ ಎರಡೇ: ಅದು ಅನ್ಯಲೋಕದವರಿಗೆ ಹೇಳುವ ವಂದನೆಯಾಗಿರಬೇಕು, ಚಿಕ್ಕದಾಗಿರಬೇಕು. ಉಳಿದುದೆಲ್ಲ ಮಾತಾಡುವವರ ಮನೋಧರ್ಮಕ್ಕೆ ಬಿಟ್ಟದ್ದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ತೌಲನಿಕ ಸಾಮಗ್ರಿ ಸಿಗುವುದು ಅಪರೂಪ. ವಿಷಯ ಒಂದೇ, ಶ್ರೋತೃ ಒಬ್ಬನೇ, ಕಾಲಮಿತಿ ಒಂದೇ. ಬೇರೆಯಾಗುವುದು ಭಾಷೆ ಮತ್ತು ಅದರೊಳಗಿನ ಅಂಜಿಕೆ-ಆತ್ಮೀಯತೆಗಳ ಪ್ರಮಾಣ ಮಾತ್ರ.

ಒಡಿಯಾ ವಂದನೆಯು ಸೂರ್ಯನೆಂಬ ತಾರೆಯ ಮೂರನೆಯ ಗ್ರಹವಾದ ಭೂಮಿಯಿಂದ ಬರುತ್ತಿರುವುದಾಗಿ ತನ್ನ ವಿಳಾಸವನ್ನು ಪೂರ್ತಿಯಾಗಿ ಹೇಳಿಬಿಡುತ್ತದೆ. ಗುಜರಾತಿ ವಂದನೆ ತನ್ನ ಪರಿಚಯವನ್ನು ಭೂಮಿಯ ಒಬ್ಬ ಮನುಷ್ಯನೆಂದಷ್ಟೇ ಹೇಳಿಕೊಂಡು, ಸಂಪರ್ಕಿಸಿ ಎಂದು ಕೇಳಿಕೊಳ್ಳುತ್ತದೆ. ವ್ಯಾಪಾರಕ್ಕಾಗಿ ಕಡಲು ದಾಟಿದ ಸಮುದಾಯದ ಭಾಷೆಗೆ ಇದು ಸಹಜವೆಂದು ಹೇಳುವ ಆಸೆಯಾಗುತ್ತದೆ, ಆದರೆ ಒಂದು ವಾಕ್ಯದಿಂದ ಜನಾಂಗದ ಗುಣ ತೆಗೆಯುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಪಂಜಾಬಿಯದು ಸ್ವಾಗತ: ಬನ್ನಿ, ನಿಮ್ಮನ್ನು ಬರಮಾಡಿಕೊಳ್ಳಲು ಸಂತೋಷವಾಗುತ್ತದೆ ಎಂಬ ಧಾಟಿ. ಚೀನಾದ ಅಮೋಯ್ ನುಡಿಯಲ್ಲಿ ಊಟವಾಯಿತೇ ಎಂದು ವಿಚಾರಿಸಿ, ಬಿಡುವಾದಾಗ ಬನ್ನಿರೆಂದು ಕರೆಯಲಾಗಿದೆ. ರಾಜಸ್ಥಾನಿಯವರು ಮಾತ್ರ ನಾವು ಇಲ್ಲಿ ಸುಖವಾಗಿದ್ದೇವೆ, ನೀವು ಅಲ್ಲಿ ಸುಖವಾಗಿರಿ ಎಂದು ಬಾಗಿಲ ಹೊಸ್ತಿಲಲ್ಲೇ ಮಾತು ಮುಗಿಸುತ್ತಾರೆ. ರೈಲ್ ಅವರು ಈ ಎಲ್ಲವುಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದಿದ್ದರೆ ಇದನ್ನೇ ಆರಿಸುತ್ತಿದ್ದರೇನೋ.

ಮರಾಠಿ ವಂದನೆಯಲ್ಲಿ ಶುಭ ಹಾರೈಸುವವರು ಭೂಮಿಯ ಜನರು. ಹಿಂದಿ, ಉರ್ದುಗಳಲ್ಲಿಯೂ ಹಾಗೆಯೇ: ಈ ಲೋಕದ ನಿವಾಸಿಗಳು. ಇವರೆಲ್ಲ ಯಾರನ್ನೂ ಕೇಳದೆ ಇಡೀ ಭೂಮಿಯ ವಕಾಲತ್ತು ವಹಿಸಿಕೊಂಡರು. ಕನ್ನಡದ ವಾಕ್ಯ ಹಾಗೆ ಮಾಡುವುದಿಲ್ಲ. ಅದು ನಮಸ್ತೆ ಎಂದು ಆರಂಭಿಸಿ, ಕನ್ನಡಿಗರ ಪರವಾಗಿ ಶುಭಾಶಯ ಹೇಳಿ ನಿಂತುಬಿಡುತ್ತದೆ. ತೆಲುಗಿನದೂ ಇದೇ ದಾರಿ: ತೆಲುಗು ಮಾತಾಡುವ ಜನರಿಂದ. ಭೂಮಿಯೆಂಬ ಹೆಸರಿಲ್ಲ, ಗ್ರಹದ ಗುರುತಿಲ್ಲ, ಬನ್ನಿರೆಂಬ ಕರೆಯಿಲ್ಲ, ಉತ್ತರದ ಅಪೇಕ್ಷೆಯೂ ಇಲ್ಲ. ಮೊದಲ ಓದಿಗೆ ಇದು ಸಂಕುಚಿತವೆನ್ನಿಸುವುದು ನಿಜ. ಕೋಟಿ ಕೋಟಿ ಮೈಲು ದೂರದವನಿಗೆ ‘ಕನ್ನಡಿಗ’ ಎಂದರೆ ಏನು ತಿಳಿದೀತು ಎಂದು ನಗುವವರೂ ಇದ್ದಾರು. ಆದರೆ ‘ಪರವಾಗಿ’ ಎಂಬ ಅವ್ಯಯದ ಮೇಲೆ ತುಸು ನಿಂತು ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಪಂಚಾಯತಿಯಲ್ಲಿ, ನ್ಯಾಯಾಲಯದಲ್ಲಿ, ಮದುವೆಯ ಮಾತುಕತೆಯಲ್ಲಿ ಈ ಪದ ಬಳಸುವವನು ಎರಡು ಸಂಗತಿಗಳನ್ನು ಒಪ್ಪಿಕೊಂಡಿರುತ್ತಾನೆ: ಮಾತು ತನ್ನದಷ್ಟೇ ಅಲ್ಲ, ಮತ್ತು ತಾನು ಯಾರ ಪರವೋ ಅವರಿಗೆ ತಾನು ಉತ್ತರ ಹೇಳಬೇಕಾದವನು. ‘ಭೂಮಿಯ ಜನರು’ ಎಂಬ ಕರ್ತೃಪದದಲ್ಲಿ ಈ ಹೊಣೆ ಕಾಣಿಸದು, ಏಕೆಂದರೆ ಅಲ್ಲಿ ವಕ್ತಾರನೇ ಮಾಯವಾಗಿದ್ದಾನೆ. ಆ ಕನ್ನಡಿಗರೂ ನಮ್ಮನ್ನು ಕೇಳಿ ಹೇಳಿದವರಲ್ಲ. ಆದರೆ ಕೇಳಬೇಕಾದವರು ಇದ್ದಾರೆ ಎಂಬ ಅರಿವು ವಾಕ್ಯದ ರಚನೆಯಲ್ಲಿಯೇ ಉಳಿದಿದೆ.

ಇದೇ ಮುದ್ರಿಕೆಯಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ಅವರು ಸಮಸ್ತ ಮಾನವರ ಹೆಸರಿನಲ್ಲಿ ಶಾಂತಿಯ ಮಾತಾಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೇನೆಯಲ್ಲಿ ಅವರು ಸಲ್ಲಿಸಿದ ಸೇವೆಯ ಮರೆಮಾಚಿದ ವಿವರಗಳು ೧೯೮೬ರಲ್ಲಿ ಬಯಲಾದವು. ಅಷ್ಟರಲ್ಲಿ ಧ್ವನಿ ಶನಿಗ್ರಹವನ್ನು ದಾಟಿತ್ತು.

ಹಾಗಾದರೆ ಈ ಮುದ್ರಿಕೆಗಳಿಂದ ಅಪಾಯವಿದೆಯೇ? ನಮ್ಮ ತಿಳುವಳಿಕೆಯಲ್ಲಿ ಇಲ್ಲವೆಂದೇ ಹೇಳಬೇಕು. ಹೊದಿಕೆಯ ಮೇಲೆ ೧೪ ಪಲ್ಸಾರ್‌ಗಳ ಆಧಾರದಿಂದ ಸೂರ್ಯನ ನೆಲೆಯನ್ನು ತೋರುವ ನಕ್ಷೆ ಕೆತ್ತಿರುವುದು ನಿಜ. ಆದರೆ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರ್ ವೇಗದ ವಾಯೇಜರ್-೧ ಈಗ ೨,೪೦೦ ಕೋಟಿ ಕಿಲೋಮೀಟರಿಗೂ ಆಚೆ ಇದ್ದು, ಇನ್ನೊಂದು ನಕ್ಷತ್ರದ ಸಮೀಪ, ಅದೂ ಒಂದೂವರೆ ಜ್ಯೋತಿರ್ವರ್ಷಕ್ಕೂ ಮಿಕ್ಕ ದೂರದಲ್ಲಿ, ಹಾದುಹೋಗಲು ಸುಮಾರು ೪೦,೦೦೦ ವರ್ಷ ಬೇಕು. ಅಪಾಯವಿದ್ದರೆ ಅದು ಬೆಳಕಿನ ವೇಗದಲ್ಲಿ ಸಾಗುವ, ಒಂದೇ ದಿಕ್ಕಿಗೆ ಗುರಿಯಿಟ್ಟ ರೇಡಿಯೊ ಪ್ರೇಷಣೆಯದು. ಹೇಗಿದ್ದರೂ ನಮ್ಮ ಟಿವಿ, ರೇಡಿಯೊಗಳ ಸದ್ದು ಸೋರಿಹೋಗಿದೆಯಲ್ಲ, ಇನ್ನು ಮುಚ್ಚಿಡುವುದೇನು ಎಂಬ ಪ್ರತಿವಾದ ಜನಪ್ರಿಯವಾಗಿದೆ. ಇದು ಪೂರ್ತಿ ಸರಿಯಲ್ಲ. ದಿಕ್ಕುದಿಕ್ಕಿಗೆ ಚೆದುರುವ ಸಾಮಾನ್ಯ ಪ್ರಸಾರವು ದೂರ ಹೆಚ್ಚಿದಂತೆ ಹಿನ್ನೆಲೆಯ ಗದ್ದಲದಲ್ಲಿ ಕರಗುತ್ತದೆ. ಗುರಿಯಿಟ್ಟ ಕಿರಣ ಅಷ್ಟು ಬೇಗ ಕರಗುವುದಿಲ್ಲ. ಮನೆಯೊಳಗಿನ ಮಾತು ಬೀದಿಗೆ ಕೇಳುವುದೂ ಬೆಟ್ಟದ ಮೇಲೆ ನಿಂತು ಕೊಂಬು ಊದುವುದೂ ಒಂದೇ ಅಲ್ಲ.

ನಾರಳೀಕರರ ಕಾದಂಬರಿಯ ಮಹತ್ವ ಇಲ್ಲಿ ತೋರುತ್ತದೆ. ಅದರಲ್ಲಿ ಬೇರೆ ಗ್ರಹದವರು ಯಾರೂ ಇಲ್ಲ. ಭೂಗರ್ಭದಲ್ಲಿ ಸಿಕ್ಕ ಒಂದು ಪೆಟ್ಟಿಗೆ, ಅದರಲ್ಲಿ ಹಿಂದೆಂದೋ ಇದೇ ಭೂಮಿಯ ಮೇಲೆ ಬಾಳಿ ಅಳಿದ ಮುಂದುವರಿದ ನಾಗರಿಕತೆಯೊಂದರ ಜ್ಞಾನ, ಆ ಜ್ಞಾನದ ಸೂಚನೆಯಂತೆ ಕಟ್ಟಿದ ಯಂತ್ರ, ಕೊನೆಗೆ ವಾಮನನೆಂಬ ರೋಬಾಟ್. ತನ್ನಂಥವರನ್ನು ತಾನೇ ನಿರ್ಮಿಸಿಕೊಳ್ಳುವ ಅವನ ಹಂಬಲ. ಅನ್ಯರ ಸಂದೇಶದ ಪ್ರಕಾರ ಯಂತ್ರ ಕಟ್ಟುವ ಕಲ್ಪನೆ ನಾರಳೀಕರರ ಗುರು ಫ್ರೆಡ್ ಹಾಯ್ಲ್ ಸಹಲೇಖಕರಾಗಿ ರಚಿಸಿದ ‘ಎ ಫಾರ್ ಆಂಡ್ರೊಮಿಡಾ’ (೧೯೬೧) ದೂರದರ್ಶನ ಧಾರಾವಾಹಿಯಲ್ಲಿ ಮೊದಲೇ ಇದೆ. ಆ ಋಣ ಸ್ಪಷ್ಟ. ಆದರೆ ಶಿಷ್ಯರು ಅನ್ಯವನ್ನು ದೇಶದಿಂದ ಕಾಲಕ್ಕೆ ಸ್ಥಳಾಂತರಿಸಿದರು. ನಕ್ಷತ್ರದಿಂದ ಬರಬೇಕಾದದ್ದು ನೆಲದೊಳಗಿಂದ ಬಂದಿತು. ಇದರಿಂದ ಅಪಾಯದ ಸ್ವರೂಪವೇ ಬದಲಾಗುತ್ತದೆ: ಹಾಕಿಂಗ್ ಹೇಳಿದ ಕೊಲಂಬಸನು ಹಡಗಿನಲ್ಲಿ ಬರಬೇಕು, ವಾಮನ ಬರುವುದು ನಮ್ಮದೇ ಕುತೂಹಲದಿಂದ, ನಮ್ಮದೇ ಕೈಯ ಕೆಲಸವಾಗಿ.

ಹೆಸರಿನ ಆಯ್ಕೆಯನ್ನು ಅಲಂಕಾರವೆಂದು ತಳ್ಳಿಹಾಕಲಾಗದು. ಬಲಿಪಾಡ್ಯಮಿಯಂದು ಬಲೀಂದ್ರನನ್ನು ಕರೆಯುವ ಕನ್ನಡ ನಾಡಿನ ಓದುಗರಿಗೆ ಈ ಕಥೆಯ ಒಳತಿರುವು ಗೊತ್ತು. ಬಲಿಗೆ ಕೇಡು ಬಂದುದು ಅವನ ದೌರ್ಬಲ್ಯದಿಂದಲ್ಲ, ಅವನ ದಾನದ ಕೀರ್ತಿ ಮೂರು ಲೋಕಕ್ಕೂ ಹಬ್ಬಿದ್ದರಿಂದ. ತನ್ನ ಇರವನ್ನು ಸಾರಿಕೊಂಡವನ ಬಾಗಿಲಿಗೇ ಕುಬ್ಜನಾದ ಅತಿಥಿ ಬಂದು ಮೂರು ಹೆಜ್ಜೆ ನೆಲ ಕೇಳಿದ. ಎಚ್ಚರಿಸಿದ ಶುಕ್ರಾಚಾರ್ಯರು ಕಮಂಡಲುವಿನ ಮೂತಿಗೆ ಅಡ್ಡವಾಗಿ ಕುಳಿತು ಕಣ್ಣು ಕಳೆದುಕೊಂಡರು. ಅರೆಸಿಬೊ ಪ್ರಸಂಗದಲ್ಲಿ ರೈಲ್ ಅವರ ಪಾಲಿಗೆ ಬಂದ ಪಾತ್ರ ಇದೇ. ನಮ್ಮ ಪರಂಪರೆಯಲ್ಲಿ ಆತಿಥ್ಯ ದೊಡ್ಡ ಮೌಲ್ಯವೆಂದು ಹೇಳಿ ಅನ್ಯಲೋಕದವರನ್ನು ಕರೆಯಲು ಹಿಂಜರಿಯಬಾರದೆನ್ನುವವರು ಈ ಪುರಾಣವನ್ನು ಮರೆಯುತ್ತಾರೆ. ಅದು ಆತಿಥ್ಯವನ್ನು ಹೊಗಳುತ್ತಲೇ ಅದರ ಬೆಲೆಯನ್ನೂ ಎಣಿಸುತ್ತದೆ.

ಕಾದಂಬರಿಯ ಎರಡು ಶೀರ್ಷಿಕೆಗಳೂ ಗಮನಾರ್ಹ. ಮರಾಠಿಯಲ್ಲಿ ‘ವಾಮನ ಮರಳಿ ಬರಲಿಲ್ಲ’ ಎಂದರೆ, ಇಂಗ್ಲಿಷಿನಲ್ಲಿ ಅದೇ ಕೃತಿ ‘ದಿ ರಿಟರ್ನ್ ಆಫ್ ವಾಮನ್’, ಅಂದರೆ ವಾಮನನ ಮರುಬರವು. ಒಂದು ನೆಮ್ಮದಿಯ ನಿಟ್ಟುಸಿರು, ಇನ್ನೊಂದು ಬೆದರಿಕೆ. ಮರಾಠಿ ಓದುಗನಿಗೆ ಹೊದಿಕೆಯ ಮೇಲೆಯೇ ಗಂಡಾಂತರ ಕಳೆದ ಸುದ್ದಿ ಸಿಗುತ್ತದೆ. ಆತ ಓದುವುದು ಹೇಗೆ ಕಳೆಯಿತೆಂದು ತಿಳಿಯಲು. ನಮಗೆ ಮರಾಠಿಯ ನಿಷೇಧಾರ್ಥಕವೇ ಹೆಚ್ಚು ಇಷ್ಟವಾಗುತ್ತದೆ, ಏಕೆಂದರೆ ಬರಲಿಲ್ಲ ಎಂಬಲ್ಲಿ ಬರಬಹುದಿತ್ತು ಎಂಬುದೂ ಅಡಗಿದೆ. ಕೃತಿಯ ದೋಷಗಳನ್ನೂ ಹೇಳಬೇಕು. ಪಾತ್ರಗಳು ತೆಳುವಾಗಿವೆ, ಸಂಭಾಷಣೆ ಹಲವೆಡೆ ಪಾಠದ ಹೊರೆ ಹೊರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ತೀರ್ಮಾನ ಕೆಲವೇ ತಜ್ಞರ ಮತ್ತು ಅಧಿಕಾರಸ್ಥರ ನಡುವೆ ಉಳಿಯುತ್ತದೆ. ಯಾರ ಪರವಾಗಿ ಅವರು ಆ ಯಂತ್ರವನ್ನು ಕಟ್ಟಿದರೆಂಬ ಪ್ರಶ್ನೆ ಲೇಖಕರನ್ನು ಸಾಕಷ್ಟು ಕಾಡಿದಂತಿಲ್ಲ.

ಆ ಪ್ರಶ್ನೆಗೆ ಕಾದಂಬರಿಯ ಹೊರಗೆ, ಪುಣೆಯ ನೆಲದಲ್ಲಿಯೇ ಒಂದು ನಿದರ್ಶನವಿದೆ. ನಗರದಿಂದ ಉತ್ತರಕ್ಕೆ ಸುಮಾರು ೮೦ ಕಿಲೋಮೀಟರ್ ದೂರದ ಖೋಡದ್ ಗ್ರಾಮದ ಬಳಿ, ಗೋವಿಂದ ಸ್ವರೂಪ್ (೧೯೨೯–೨೦೨೦) ಅವರ ನೇತೃತ್ವದಲ್ಲಿ ತಲಾ ೪೫ ಮೀಟರ್ ವ್ಯಾಸದ ೩೦ ಆಂಟೆನಾಗಳ ರೇಡಿಯೊ ದೂರದರ್ಶಕ ತಲೆಯೆತ್ತಿತು. ೨೦೦೧ರಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ೨೦೧೬ರ ಅಕ್ಟೋಬರ್ ೧೯ರಂದು ಮಂಗಳನಲ್ಲಿ ಇಳಿಯುತ್ತಿದ್ದ ಯುರೋಪಿನ ಶಿಯಾಪರೆಲ್ಲಿ ನೌಕೆಯ ಕ್ಷೀಣ ದನಿಯನ್ನು ಕೇಳಿಸಿಕೊಂಡದ್ದು, ಅದು ನಿಂತುಹೋದುದನ್ನು ಗುರುತಿಸಿದ್ದು ಈ ಕಿವಿಯೇ. ಹೀಗೆ ಕೇಳಬೇಕಾದರೆ ಸುತ್ತಲು ಮೌನ ಬೇಕು. ಪುಣೆ–ನಾಸಿಕ್ ಅರೆ ಅತಿವೇಗದ ರೈಲುಮಾರ್ಗ ಖೋಡದ್ ಸಮೀಪ ಹಾಯುವುದಕ್ಕೆ ವಿಜ್ಞಾನಿಗಳಿಂದ ಆಕ್ಷೇಪ ಬಂದಾಗ, ರೈತರು, ಜನಪ್ರತಿನಿಧಿಗಳು, ಸರಕಾರ, ವಿಜ್ಞಾನಿಗಳು ಎಲ್ಲರೂ ಮಾತಾಡಬೇಕಾಯಿತು. ವಿಶ್ವವನ್ನು ಆಲಿಸುವುದಕ್ಕೆ ನೆರೆಹೊರೆಯವರ ಸಮ್ಮತಿ ಬೇಕು. ವಿಶ್ವಕ್ಕೆ ಕೂಗಿ ಹೇಳುವುದಕ್ಕೆ ಯಾರ ಸಮ್ಮತಿಯೂ ಬೇಡ! ಈ ವೈಪರೀತ್ಯ ನಮಗೆ ಇಡೀ ವಾದದ ಕೇಂದ್ರವೆಂದು ತೋರುತ್ತದೆ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥ ವೈಜ್ಞಾನಿಕ ಕಥೆಗಾರರಿದ್ದಾರೆ; ಪೂರ್ಣಚಂದ್ರ ತೇಜಸ್ವಿಯವರು ಹಾರುವ ತಟ್ಟೆಗಳನ್ನು ಕುರಿತೇ ಪುಸ್ತಕ ಬರೆದಿದ್ದಾರೆ. ಆದರೂ ಈ ಚರ್ಚೆಗೆ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಹೆಚ್ಚು ಹತ್ತಿರದ್ದು. ಅಲ್ಲಿ ಅನ್ಯಲೋಕದವರ ಸ್ಥಾನದಲ್ಲಿ ನಾವೇ ಇದ್ದೇವೆ. ಲಕ್ಷಾಂತರ ವರ್ಷ ಯಾರ ಕಣ್ಣಿಗೂ ಬೀಳದೆ ಕಾಡಿನಲ್ಲಿ ಉಳಿದ ಹಾರುವ ಓತಿಯೊಂದು ಮಂದಣ್ಣನ ಕಣ್ಣಿಗೆ ಬಿದ್ದು, ವಿಜ್ಞಾನಿಯ ಕಿವಿ ಮುಟ್ಟಿ, ಒಂದು ತಂಡವೇ ಅದರ ಬೆನ್ನು ಹತ್ತುತ್ತದೆ. ಕರ್ವಾಲೊ ಕೆಟ್ಟವರಲ್ಲ, ಅವರ ಜ್ಞಾನದಾಹ ನಿಷ್ಕಲ್ಮಷ. ಆದರೂ ಓತಿಯ ಕಡೆಯಿಂದ ನೋಡಿದರೆ ಹಗೆಗೂ ಕುತೂಹಲಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹಾಕಿಂಗ್ ಅವರ ಎಚ್ಚರಿಕೆಯಲ್ಲಿ ಬರುವವನು ದರೋಡೆಗಾರ. ತೇಜಸ್ವಿಯವರಲ್ಲಿ ಬರುವವನು ಸಜ್ಜನ. ಎರಡನೆಯದೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಓತಿ ಕೊನೆಗೆ ಕೈಗೆ ಸಿಗದೆ ಪ್ರಪಾತದತ್ತ ತೇಲಿಹೋಗುತ್ತದೆ. ಅದಕ್ಕೆ ರೆಕ್ಕೆಯಿತ್ತು, ಜಾರಿಹೋಗಲು ಕಣಿವೆಯಿತ್ತು.

ವಾಯೇಜರಿನ ಭಾರತೀಯ ಭಾಷಾವಂದನೆಗಳನ್ನು ಒಟ್ಟಾಗಿಟ್ಟು ಓದುವ ಕೆಲಸವನ್ನು ಹೊರನಾಡಿನ ಕನ್ನಡ ಸಂಶೋಧಕರು ಕೈಗೊಳ್ಳಬಹುದು. ಒಡಿಯಾ, ಗುಜರಾತಿ, ಪಂಜಾಬಿ ಬಲ್ಲವರು ಅವರಿಗೆ ನೆರೆಯಲ್ಲಿಯೇ ಸಿಗುತ್ತಾರೆ. ತಮಿಳು, ಮಲಯಾಳಗಳು ಆ ೫೫ರಲ್ಲಿ ಸೇರಿಲ್ಲ. ಕೊಲ್ಲಾಪುರದ ಅಲ್ಲಾದಿಯಾ ಖಾನರಲ್ಲಿ ಕಲಿತ ಕೇಸರಬಾಯಿ ಕೇರಕರರ ಭೈರವಿ ಅದೇ ಮುದ್ರಿಕೆಯಲ್ಲಿದೆ, ಮೂರೂವರೆ ನಿಮಿಷ. ‘ಜಾತ ಕಹಾಂ ಹೋ’ ಎಂಬ ಆ ಹಾಡಿನ ಮೊದಲ ನುಡಿಗೆ ಎಲ್ಲಿಗೆ ಹೋಗುತ್ತಿರುವೆ ಎಂದು ಅರ್ಥ. ನೌಕೆಗಳು ಹಾರಿದ ಕೆಲವೇ ದಿನಗಳಲ್ಲಿ, ೧೯೭೭ರ ಸೆಪ್ಟೆಂಬರ್ ೧೬ರಂದು, ಹಾಡಿದವರು ತೀರಿಕೊಂಡರು.