ಭೂಮಿಗೆ ತಲೆ ಯಾವುದು, ಕಾಲು ಯಾವುದು?

ಇಡೀ ಭೂಮಿಯನ್ನು ಒಂದೇ ಚೌಕಟ್ಟಿನಲ್ಲಿ ತೋರಿಸೋ ಆ ನೀಲಿ ಗೋಲಿಯಂಥ ಫೋಟೋ ಪಠ್ಯಪುಸ್ತಕದಿಂದ ಹಿಡಿದು ಕ್ಯಾಲೆಂಡರಿನವರೆಗೆ ಎಲ್ಲೆಲ್ಲೂ ಇದೆ. ಅದರ ಜೊತೆಗೆ ಒಂದು ಮಾತೂ ಖಾಯಂ: ಮನುಷ್ಯರೆಲ್ಲ ಒಂದೇ. ಗೆಳೆಯರೇ, ಕವಿತೆಯನ್ನು ಓದುವ ಹಾಗೆ ಈ ಚಿತ್ರವನ್ನೂ ಓದಬೇಕು. ಎಲ್ಲಿ ನಿಂತು ತೆಗೆದರು, ಆಮೇಲೆ ಅದನ್ನು ಏನು ಮಾಡಿದರು ಅಂತ ನಾವು ಕೇಳಲೇಬೇಕು.

1972ರ ಡಿಸೆಂಬರ್ 7ರಂದು ಚಂದ್ರನ ಕಡೆ ಹೊರಟಿದ್ದ ಅಪೊಲೊ 17ರ ಗಗನಯಾತ್ರಿಗಳು ಸುಮಾರು 29 ಸಾವಿರ ಕಿಲೋಮೀಟರ್ ದೂರದಿಂದ ಇದನ್ನು ತೆಗೆದರು. ಸೂರ್ಯ ಅವರ ಬೆನ್ನಿಗಿದ್ದ. ಹಾಗಾಗಿ ಭೂಮಿಯ ಮುಖ ಪೂರ್ತಿ ಬೆಳಗಿತ್ತು. ಎದ್ದು ಕಾಣೋದು ಆಫ್ರಿಕಾ. ಅದರ ಮೇಲೆ ಗಡಿಗೆರೆ ಒಂದೂ ಇಲ್ಲ. ಆದರೆ ಅದೇ ದಿನ ದಕ್ಷಿಣ ಆಫ್ರಿಕಾದ ಕರಿಯರು ತಮ್ಮ ನೆಲದಲ್ಲೇ ಓಡಾಡೋಕೆ ಪಾಸು ಇಟ್ಟುಕೊಂಡಿರಬೇಕಿತ್ತು. ಆ ಕಾನೂನು ಹೋಗಿದ್ದು 1986ರಲ್ಲಿ. ಗೆರೆ ಇತ್ತು, ಕ್ಯಾಮೆರಾ ದೂರ ಇತ್ತು.

ಚಿತ್ರದ ಬಲಗಡೆ ಮೇಲಂಚಿನಲ್ಲಿ ಬಿಳಿ ಮೋಡದ ಸುಳಿಯೊಂದಿದೆ. ಮಜ್ಜಿಗೆ ಕಡೆಯುವಾಗ ಏಳೋ ನೊರೆ ಹಾಗೆ. ಅದು ಆ ವಾರ ತಮಿಳುನಾಡಿನ ಕಡಲೂರಿನ ಬಳಿ ದಡಕ್ಕೆ ಬಡಿದ ಚಂಡಮಾರುತ. ಕೆಳಗಿದ್ದವರು ಸತ್ತರು, ಮನೆ ಕಳಕೊಂಡರು. ಮೇಲಿಂದ ನೋಡಿದವರಿಗೆ ಸೊಗಸು ಕಂಡಿತು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ತೆಗೆದಾಗ ಈ ಚಿತ್ರದಲ್ಲಿ ದಕ್ಷಿಣ ಧ್ರುವದ ಹಿಮ ಮೇಲಿತ್ತು. ನಾಸಾದವರು ಅದನ್ನು ತಿರುಗಿಸಿ, ಉತ್ತರ ಮೇಲೆ ಬರೋ ಹಾಗೆ ಪ್ರಕಟಿಸಿದರು. ನಕ್ಷೆಗಳು ಕಣ್ಣಿಗೆ ಹಾಗೇ ರೂಢಿ ಮಾಡಿಸಿದ್ದವಲ್ಲ! ಬಾಹ್ಯಾಕಾಶದಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ. ಅದನ್ನು ತೀರ್ಮಾನಿಸಿದ್ದು ಮೇಜಿನ ಮುಂದೆ ಕೂತವರು.

ಹಾಗಂತ ಈ ಚಿತ್ರವನ್ನು ಹರಿದು ಎಸೆಯೋಣ ಅಂತಿಲ್ಲ. ಕೆಲವರು ತಲೆಯಿಂದ, ಕೆಲವರು ಪಾದದಿಂದ ಹುಟ್ಟಿದರು ಅನ್ನೋ ಮಾತು ಕೇಳುತ್ತಲೇ ಬೆಳೆದವರು ನಾವು. ಭೂಮಿಗೇ ತಲೆಯಿಲ್ಲ, ಪಾದವಿಲ್ಲ ಅಂತ ಈ ಫೋಟೋ ಕಣ್ಣಿಗೆ ಕಟ್ಟುವಂತೆ ಹೇಳುತ್ತೆ. ಇಷ್ಟು ದೊಡ್ಡ ಸಾಕ್ಷಿಯನ್ನು ನಾವ್ಯಾಕೆ ಬಿಟ್ಟುಕೊಡಬೇಕು?

ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಗೋಡೆಗೆ ಹಾಕಲಿ. ಒಂದು ದಿನ ತಿರುಗಿಸಿ, ತೆಗೆದಾಗ ಇದ್ದ ಹಾಗೇ ಹಾಕಲಿ. ಮಕ್ಕಳು 'ತಲೆಕೆಳಗಾಗಿದೆ ಸಾರ್' ಅಂತಾರೆ. ಹಂಗಂತ ಯಾರು ಹೇಳಿದ್ದು ಅಂತ ಕೇಳಲಿ. ಪಾಠ ಅಲ್ಲಿಂದ ಶುರುವಾಗಲಿ.